ದಿವಾಳಿ ಅರ್ಜಿ ಮತ್ತು ಮನೆ ಸಾಮಾನಿನ ಪಟ್ಟಿ



“ಅವನು ಪಾಪರ್ ಆದ”, “ಆ ಅಂಗಡಿ ದಿವಾಳಿ ಎದ್ದಿತು” ಎಂಬ ಮಾತುಗಳನ್ನು ನೀವು ಪೇಟೆಯಲ್ಲಿ ಎಂದಾದರೂ ಕೇಳಿರುತ್ತೀರಿ. ಹೇಳುವವರು ಸಾಮಾನ್ಯವಾಗಿ ದನಿ ತಗ್ಗಿಸಿ ಹೇಳುತ್ತಾರೆ. ಆ ಮನೆಯ ಮಕ್ಕಳು ಶಾಲೆಗೆ ಬಂದಾಗ ಜತೆಗಾರರು ಕುತೂಹಲದಿಂದ ನೋಡುತ್ತಾರೆ. ಆದರೆ ದಿವಾಳಿ ಎಂದರೆ ಏನು, ಕಾನೂನು ಅದನ್ನು ಹೇಗೆ ನೋಡುತ್ತದೆ, ಸಾಲ ತೀರಿಸಲಾಗದವನು ನ್ಯಾಯಾಲಯದ ಮುಂದೆ ಏನು ಹೇಳಬೇಕು ಎಂಬುದನ್ನು ನಮ್ಮ ಪಠ್ಯಪುಸ್ತಕಗಳು ಹೇಳುವುದು ಕಡಿಮೆ. ಇಂದು ಅದರ ಒಂದು ಭಾಗವನ್ನು ಮಾತ್ರ ತೆಗೆದುಕೊಳ್ಳೋಣ. ದಿವಾಳಿ ಅರ್ಜಿ ಹಾಕುವವನು ತನ್ನ ಸ್ವಂತ ಸೊತ್ತನ್ನು, ಅಂದರೆ ಮನೆಯ ಕಪಾಟು, ಪಾತ್ರೆ, ಚಿನ್ನ, ಸ್ಕೂಟರ್, ಪಾಸ್‌ಪುಸ್ತಕ ಎಲ್ಲವನ್ನೂ, ಹೇಗೆ ಪಟ್ಟಿ ಮಾಡಬೇಕು ಮತ್ತು ಅದಕ್ಕೆ ಹೇಗೆ ಬೆಲೆ ಕಟ್ಟಬೇಕು ಎಂಬುದೇ ಆ ಭಾಗ.

ಮೊದಲು ಪದದ ವಿಚಾರ. ‘ಪಾಪರ್’ ಎಂಬ ಮಾತು ಇಂಗ್ಲಿಷಿನಿಂದ ನ್ಯಾಯಾಲಯದ ಮೂಲಕ ನಮ್ಮ ಆಡುಮಾತಿಗೆ ಬಂದದ್ದು. ಕೋರ್ಟು ಶುಲ್ಕ ಕಟ್ಟಲು ಶಕ್ತಿಯಿಲ್ಲದವನು ಶುಲ್ಕವಿಲ್ಲದೆ ದಾವೆ ಹೂಡಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 33ನೆಯ ಆದೇಶ ಅವಕಾಶ ಕೊಡುತ್ತದೆ. ಅದಕ್ಕೆ ಹಿಂದೆ ‘ಪಾಪರ್ ದಾವೆ’ ಎಂಬ ಹೆಸರಿತ್ತು. 1976ರ ತಿದ್ದುಪಡಿ ಆ ಹೆಸರನ್ನು ತೆಗೆದು ‘ನಿರ್ಗತಿಕ ವ್ಯಕ್ತಿ’ ಎಂಬರ್ಥದ ಪದವನ್ನು ಇಟ್ಟಿತು. ಸಾಲ ತೀರಿಸಲಾರದವನ ದಿವಾಳಿ ಅರ್ಜಿ ಇದರಿಂದ ಬೇರೆ. ಜನರು ಮಾತ್ರ ಎರಡಕ್ಕೂ ‘ಪಾಪರ್’ ಎಂದೇ ಹೇಳುತ್ತ ಬಂದರು. ಎರಡರಲ್ಲಿಯೂ ಒಂದು ಅಂಶ ಸಮಾನವಾಗಿದೆ. ಅರ್ಜಿದಾರನು ತನ್ನ ಚರ ಸೊತ್ತು, ಸ್ಥಿರ ಸೊತ್ತುಗಳ ಪಟ್ಟಿಯನ್ನು ಬೆಲೆಯ ಸಹಿತ ಕೊಡಲೇಬೇಕು. ಇಲ್ಲವೆನ್ನುವವನು ತನ್ನಲ್ಲಿ ಇರುವುದನ್ನು ಮೊದಲು ತೋರಿಸಬೇಕು ಎಂಬುದು ಇದರ ಹಿಂದಿರುವ ಸರಳ ನ್ಯಾಯ.

ನಮ್ಮ ಉಡುಪಿ, ಕಾರ್ಕಳ, ಕಾಪು ಪ್ರದೇಶಗಳು 1956ರವರೆಗೆ ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. ಕಲಕತ್ತೆ, ಬೊಂಬಾಯಿ, ಮದರಾಸು ನಗರಗಳಿಗೆ 1909ರಲ್ಲಿ ಪ್ರತ್ಯೇಕ ದಿವಾಳಿ ಕಾಯಿದೆ ಬಂತು. ಅವುಗಳ ಹೊರಗಿನ ಊರುಗಳಿಗೆ 1920ರ ಪ್ರಾಂತೀಯ ದಿವಾಳಿ ಕಾಯಿದೆ ಬಂತು. ನೂರು ವರ್ಷ ದಾಟಿದ ಈ ಕಾಯಿದೆ ಸತ್ತಿಲ್ಲ. 2016ರಲ್ಲಿ ಸಂಸತ್ತು ದಿವಾಳಿತನದ ಹೊಸ ಸಂಹಿತೆಯನ್ನು ಮಾಡಿತು. ಆದರೆ ವ್ಯಕ್ತಿಗಳಿಗೆ ಸಂಬಂಧಿಸಿದ ಅದರ ಭಾಗವು 2019ರ ಡಿಸೆಂಬರ್ 1ರಿಂದ ಜಾರಿಗೆ ಬಂದದ್ದು ಕಂಪನಿಗಳ ಸಾಲಕ್ಕೆ ಸ್ವಂತ ಜಾಮೀನು ನಿಂತವರ ಮಟ್ಟಿಗೆ ಮಾತ್ರ. ಊರಿನ ಸಾಮಾನ್ಯ ಅಂಗಡಿಕಾರ ಅಥವಾ ಕೃಷಿಕ ದಿವಾಳಿ ಅರ್ಜಿ ಹಾಕುವುದು 1920ರ ಕಾಯಿದೆಯ ಕೆಳಗೆ, ಜಿಲ್ಲಾ ನ್ಯಾಯಾಲಯದಲ್ಲಿ ಅಥವಾ ಅದಕ್ಕೆ ಅಧಿಕಾರ ಪಡೆದ ಅಧೀನ ನ್ಯಾಯಾಲಯದಲ್ಲಿ.

ಆ ಕಾಯಿದೆಯ 13ನೆಯ ಕಲಮು ಅರ್ಜಿಯಲ್ಲಿ ಏನೇನಿರಬೇಕು ಎಂದು ಹೇಳುತ್ತದೆ. ಸಾಲ ತೀರಿಸಲು ಅಶಕ್ತನೆಂಬ ಹೇಳಿಕೆ, ವಾಸಸ್ಥಳ, ಯಾರಿಗೆ ಎಷ್ಟು ಸಾಲ ಕೊಡಬೇಕು ಎಂಬ ವಿವರ, ಅವರ ಹೆಸರು ಮತ್ತು ವಿಳಾಸ. ಆಮೇಲೆ ಬರುವುದೇ ನಮ್ಮ ವಿಷಯ: ತನ್ನ ಎಲ್ಲ ಸೊತ್ತಿನ ವಿವರ, ಹಣದ ರೂಪದಲ್ಲಿಲ್ಲದ ಪ್ರತಿಯೊಂದು ಸೊತ್ತಿನ ಬೆಲೆ, ಅದು ಎಲ್ಲಿದೆ ಎಂಬ ಸ್ಥಳ, ಮತ್ತು ಕಾನೂನು ವಿನಾಯಿತಿ ಕೊಟ್ಟ ವಸ್ತುಗಳನ್ನು ಬಿಟ್ಟು ಉಳಿದುದನ್ನು ನ್ಯಾಯಾಲಯದ ವಶಕ್ಕೆ ಕೊಡಲು ಸಿದ್ಧನೆಂಬ ಘೋಷಣೆ. ಏನಿದೆ, ಎಷ್ಟು ಬಾಳುತ್ತದೆ, ಎಲ್ಲಿದೆ ಎಂಬ ಈ ಮೂರು ಪ್ರಶ್ನೆಗಳನ್ನು ನೆನಪಿಡಿ.

ಒಂದು ಉದಾಹರಣೆಯಿಂದ ಇದನ್ನು ತಿಳಿಯೋಣ. ಕಾರ್ಕಳದಿಂದ ಪಡುಬಿದ್ರಿಗೆ ಹೋಗುವ ದಾರಿಯಲ್ಲಿ ಬೆಳ್ಮಣ್ ಪೇಟೆ ಇದೆಯಷ್ಟೆ. ಅಲ್ಲಿ ಒಬ್ಬ ಜೀನಸು ಅಂಗಡಿಯವನು ಇದ್ದಾನೆ ಎಂದು ಭಾವಿಸಿ. ಇದು ಕಲ್ಪನೆಯ ಅಂಗಡಿ, ನಿಮಗೆ ಪರಿಚಯವಿರುವ ಯಾರದ್ದೂ ಅಲ್ಲ. ಮನೆಯಲ್ಲಿ ದೊಡ್ಡ ಕಾಯಿಲೆ ಬಂತು, ಅಂಗಡಿಯ ಸಾಲದ ಪುಸ್ತಕ ಬೆಳೆಯಿತು, ಬಂದ ಹಣ ಬಡ್ಡಿಗೆ ಹೋಯಿತು. ಈಗ ಜಾಮೀನಿಲ್ಲದ ಸಾಲವೇ 4 ಲಕ್ಷ ರೂಪಾಯಿ. ಅವನು ವಕೀಲರ ಬಳಿ ಹೋಗುತ್ತಾನೆ. ವಕೀಲರು, “ಮನೆಯ ಸಾಮಾನೆಲ್ಲ ಬರೆದುಕೊಂಡು ಬನ್ನಿ” ಎನ್ನುತ್ತಾರೆ. ಅವನು, “ಬರೆಯಲಿಕ್ಕೆ ಏನುಂಟು ವಕೀಲರೇ, ಹಳೆ ಸಾಮಾನು” ಎನ್ನುತ್ತಾನೆ. ತೊಡಕು ಶುರುವಾಗುವುದು ಇಲ್ಲಿಂದಲೇ.

‘ಏನಿಲ್ಲ’ ಎಂಬುದು ಉತ್ತರವಾಗುವುದಿಲ್ಲ. ಕೋಣೆಯಿಂದ ಕೋಣೆಗೆ ಹೋಗಿ ಬರೆಯಬೇಕು. ಚಾವಡಿಯಲ್ಲಿ ಮರದ ಕುರ್ಚಿಗಳು, ಟಿ.ವಿ., ಗೋಡೆ ಗಡಿಯಾರ. ಒಳಕೋಣೆಯಲ್ಲಿ ಕಬ್ಬಿಣದ ಕಪಾಟು, ಮಂಚ, ಹೊಲಿಗೆ ಯಂತ್ರ. ಅಡುಗೆಮನೆಯಲ್ಲಿ ಗ್ಯಾಸು ಒಲೆ, ಮಿಕ್ಸಿ, ಫ್ರಿಜ್ಜು, ಅಜ್ಜಿಯ ಕಾಲದ ಕಂಚಿನ ಪಾತ್ರೆ. ಬಚ್ಚಲಿನಲ್ಲಿ ತಾಮ್ರದ ಹಂಡೆ. ಅಂಗಳದಲ್ಲಿ ಸ್ಕೂಟರ್, ನೀರೆತ್ತುವ ಪಂಪು, ನಾಲ್ಕು ಸಾಲು ಮಲ್ಲಿಗೆ ಗಿಡ. ಅಂಗಡಿಯಲ್ಲಿ ತಕ್ಕಡಿ, ಉಳಿದ ದಾಸ್ತಾನು, ಗಿರಾಕಿಗಳಿಂದ ಬರಬೇಕಾದ ಹಣದ ಪುಸ್ತಕ. ಆಮೇಲೆ ಕಣ್ಣಿಗೆ ಕಾಣದ ಸೊತ್ತುಗಳು: ಬ್ಯಾಂಕಿನ ಉಳಿತಾಯ ಖಾತೆ, ಚಿಟ್ ಫಂಡಿಗೆ ಕಟ್ಟಿದ ಕಂತು, ವಿಮೆಯ ಪಾಲಿಸಿ, ಸಹಕಾರಿ ಸಂಘದ ಪಾಲು, ಕುಟುಂಬದ ಭಾಗವಾಗದ ಆಸ್ತಿಯಲ್ಲಿರುವ ಹಕ್ಕು. ಪಿಗ್ಮಿ ಠೇವಣಿಯನ್ನೂ ಮರೆಯುವಂತಿಲ್ಲ. 1928ರಲ್ಲಿ ಅಂದಿನ ಸಿಂಡಿಕೇಟ್ ಬ್ಯಾಂಕು ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯಂತೆ ಸಂಗ್ರಹಿಸಲು ಆರಂಭಿಸಿದ ಈ ಉಳಿತಾಯ ನಮ್ಮ ಜಿಲ್ಲೆಯಲ್ಲಿಯೇ ಹುಟ್ಟಿದ್ದು. ದಿನಕ್ಕೆ ಚಿಲ್ಲರೆ ಹಣವಾದರೂ ವರ್ಷದ ಕೊನೆಗೆ ಅದೊಂದು ಸೊತ್ತು.

“ಇದನ್ನೆಲ್ಲ ಬರೆದರೆ ನಾಳೆ ಬಂದು ಅನ್ನದ ಪಾತ್ರೆಯನ್ನೂ ಹೊತ್ತುಕೊಂಡು ಹೋಗುತ್ತಾರಲ್ಲ?” ಎಂದು ನೀವು ಕೇಳಬಹುದು. ಇಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮು ಕೆಲವು ವಸ್ತುಗಳನ್ನು ಜಪ್ತಿಯಿಂದ ಕಾಪಾಡುತ್ತದೆ. ಸಾಲಗಾರನಿಗೂ ಅವನ ಹೆಂಡತಿ ಮಕ್ಕಳಿಗೂ ಅವಶ್ಯವಾದ ಉಡುಪು, ಅಡುಗೆ ಪಾತ್ರೆ, ಮಂಚ, ಹಾಸಿಗೆ ಮುಟ್ಟುವಂತಿಲ್ಲ. ಧಾರ್ಮಿಕ ರೂಢಿಯಂತೆ ಸ್ತ್ರೀಯು ಬಿಟ್ಟುಕೊಡಲಾಗದ ಆಭರಣವನ್ನು ಮುಟ್ಟುವಂತಿಲ್ಲ. ನಮ್ಮ ಕಡೆಯ ಕರಿಮಣಿ ಸರ ಇಂಥದ್ದು. ಬಡಗಿಯ ಉಳಿ, ಗರಗಸದಂತಹ ಕಸುಬಿನ ಹತಾರಗಳು, ಕೃಷಿಕನ ನೇಗಿಲು ಮುಂತಾದ ಉಪಕರಣಗಳು, ಜೀವನೋಪಾಯಕ್ಕೆ ಬೇಕಾದ ಜಾನುವಾರು ಮತ್ತು ಬಿತ್ತನೆ ಬೀಜ, ಕೃಷಿಕ ಅಥವಾ ಕೂಲಿಕಾರನು ತಾನೇ ವಾಸಿಸುವ ಸ್ವಂತ ಮನೆ, ಇವೂ ಸುರಕ್ಷಿತ. ಬೀಡಿ ಕಟ್ಟುವ ತಾಯಿಯ ಭವಿಷ್ಯ ನಿಧಿಗೂ 1952ರ ಕಾಯಿದೆಯ ರಕ್ಷಣೆ ಇದೆ. ಆದುದರಿಂದ ಪಟ್ಟಿಯಲ್ಲಿ ಬರೆಯುವುದು ಬೇರೆ, ಕಳೆದುಕೊಳ್ಳುವುದು ಬೇರೆ. ಮೊದಲು ಎಲ್ಲವನ್ನೂ ಬರೆಯಬೇಕು. ಅನಂತರ “ಇವಿಷ್ಟಕ್ಕೆ ವಿನಾಯಿತಿ ಇದೆ” ಎಂದು ಕೇಳಬೇಕು. ವಿನಾಯಿತಿ ಸಿಗುತ್ತದೆಂದು ತಾನೇ ತೀರ್ಮಾನಿಸಿ ಬರೆಯದೆ ಬಿಟ್ಟವನು, ನ್ಯಾಯಾಧೀಶರು ಮಾಡಬೇಕಾದ ಕೆಲಸವನ್ನು ತಾನು ಮಾಡಿದಂತೆ ಆಗುತ್ತದೆ.

ಇನ್ನು ಮನೆಯೊಳಗಿದ್ದರೂ ತನ್ನದಲ್ಲದ ವಸ್ತುಗಳಿವೆ. ಮದುವೆಯಲ್ಲಿ ಹೆಂಡತಿಗೆ ತವರಿನವರು ಹಾಕಿದ ಚಿನ್ನ ಅವಳ ಸ್ತ್ರೀಧನ. ಅದು ಗಂಡನ ಸೊತ್ತಲ್ಲವೆಂಬುದನ್ನು ಸುಪ್ರೀಂ ಕೋರ್ಟು 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿತು. ನಿಮಗೆ ಶಾಲೆಯಲ್ಲಿ ಬಹುಮಾನವಾಗಿ ಬಂದ ವಸ್ತು, ನಿಮ್ಮ ವಿದ್ಯಾರ್ಥಿವೇತನದ ಖಾತೆ ನಿಮ್ಮದು. ತುಳುನಾಡಿನ ಕೆಲವು ಮನೆಗಳಲ್ಲಿ ದೈವದ ಭಂಡಾರ ಇರುತ್ತದೆ. ಬೆಳ್ಳಿಯ ಖಡ್ಸಲೆ, ಮೊಗ, ಗಂಟೆ ಆ ಮನೆಯ ಯಜಮಾನನ ವಶದಲ್ಲಿ ಇದ್ದರೂ ದೈವದ ಹೆಸರಿನಲ್ಲಿ ಕುಟುಂಬಕ್ಕೋ ಗ್ರಾಮಕ್ಕೋ ಸೇರಿದ್ದಾದರೆ ಅವನು ಅದರ ಕಾವಲುಗಾರ ಮಾತ್ರ. ಇಂತಹವನ್ನು ಮುಚ್ಚಿಡುವ ಅಗತ್ಯವಿಲ್ಲ. “ನನ್ನ ವಶದಲ್ಲಿದೆ, ನನ್ನದಲ್ಲ, ಇಂಥವರದ್ದು” ಎಂದು ಬೇರೆಯಾಗಿ ಬರೆದರೆ ಆಯಿತು.

ಇದಕ್ಕೆ ವಿರುದ್ಧವಾಗಿ, ಮನೆಯಲ್ಲಿ ಇಲ್ಲದಿದ್ದರೂ ತನ್ನದಾದ ವಸ್ತುಗಳಿವೆ. ಸಹಕಾರಿ ಸಂಘದಲ್ಲಿ ಅಡವಿಟ್ಟ ಚಿನ್ನದ ಸರವು ಮನೆಯಲ್ಲಿಲ್ಲ, ಆದರೆ ಅದು ಅವನದೇ. ಅದನ್ನೂ ಅದರ ಮೇಲಿನ ಸಾಲವನ್ನೂ ಬರೆಯಬೇಕು. ರಿಪೇರಿಗೆ ಕೊಟ್ಟ ಸ್ಕೂಟರ್, ಅಣ್ಣನಿಗೆ ಕೈಗಡ ಕೊಟ್ಟ ಹಣ, ಮಾವನ ಮನೆಯ ಹಟ್ಟಿಯಲ್ಲಿ ಕಟ್ಟಿದ ದನ, ಇವೆಲ್ಲ ಪಟ್ಟಿಗೆ ಸೇರುತ್ತವೆ. ಕಾಯಿದೆಯು ಸ್ಥಳವನ್ನು ಕೇಳುವುದು ಇದಕ್ಕಾಗಿಯೇ.

ಮುಂದಿನದು ಬೆಲೆ ಕಟ್ಟುವ ವಿಚಾರ. ಬಹಳ ಮಂದಿಗೆ ಇದೇ ಕಷ್ಟ. ಶಂಕರಪುರದ ಮಲ್ಲಿಗೆಯ ದರ ದಿನದಿನಕ್ಕೆ ಬದಲಾಗುತ್ತದೆಂದು ನಿಮಗೆ ಗೊತ್ತಿದೆ. ಮದುವೆ, ಕೋಲಗಳ ಕಾಲದಲ್ಲಿ ಒಂದು ಅಟ್ಟೆಗೆ ಇದ್ದ ಬೆಲೆ ಆಟಿ ತಿಂಗಳಲ್ಲಿ ಇರುವುದಿಲ್ಲ. ಹಬ್ಬದ ದಿನದ ದರ ಹೇಳಿ ಇಂದು ಹೂ ಮಾರಲು ಹೋದರೆ ಯಾರೂ ಕೊಳ್ಳುವುದಿಲ್ಲ. ಮನೆಯ ಸಾಮಾನಿಗೂ ಇದೇ ಲೆಕ್ಕ. ಕೊಂಡಾಗ ಎಷ್ಟು ಕೊಟ್ಟೆವು ಎಂಬುದು ಬೆಲೆಯಲ್ಲ. ಹೊಸದು ಕೊಳ್ಳಲು ಈಗ ಎಷ್ಟು ಬೇಕು ಎಂಬುದೂ ಅಲ್ಲ. ಇಂದು, ಈಗಿನ ಸ್ಥಿತಿಯಲ್ಲಿ, ವಿಷಯ ತಿಳಿದ ಒಬ್ಬ ಗಿರಾಕಿ ಎಷ್ಟು ಕೊಡುವನು ಎಂಬುದೇ ಬೆಲೆ.

ಒಂದೊಂದಾಗಿ ನೋಡಿ. ಆರು ವರ್ಷದ ಹಿಂದೆ 80,000 ರೂಪಾಯಿಗೆ ಕೊಂಡ ಸ್ಕೂಟರಿಗೆ ಹಳೆ ವಾಹನದ ವ್ಯಾಪಾರಿ ಇಂದು 30,000 ಕೊಡುತ್ತೇನೆ ಎಂದರೆ, ಬರೆಯಬೇಕಾದ್ದು 30,000. ಚಿನ್ನವನ್ನು ತೂಕ ಮತ್ತು ಶುದ್ಧತೆ ನೋಡಿ ಆ ದಿನದ ದರದಲ್ಲಿ ಲೆಕ್ಕ ಹಾಕಬೇಕು. ಮೂರು ಪವನಿನ ಸರವೆಂದರೆ 24 ಗ್ರಾಂ. ಕೊಳ್ಳುವಾಗ ಕೊಟ್ಟ ಮಜೂರಿ ಮಾರುವಾಗ ಹಿಂತಿರುಗುವುದಿಲ್ಲ. ಹರಳು, ಅರಗು ಇದ್ದರೆ ಅದರ ತೂಕ ಕಳೆಯಬೇಕು. ಕಂಚು, ತಾಮ್ರಗಳಿಗೆ ತೂಕದ ಬೆಲೆ. ವಿಮೆಯ ಪಾಲಿಸಿಯನ್ನು ಇಂದು ಒಪ್ಪಿಸಿದರೆ ಎಷ್ಟು ಬರುತ್ತದೆ ಎಂಬುದನ್ನು ಕಚೇರಿಯಲ್ಲಿ ಕೇಳಿ ಬರೆಯಬೇಕು, ಪಾಲಿಸಿಯ ಮೇಲೆ ಮುದ್ರಿಸಿದ ದೊಡ್ಡ ಮೊತ್ತವನ್ನಲ್ಲ. ಬ್ಯಾಂಕಿನ ಹಣ ಪಾಸ್‌ಪುಸ್ತಕದಲ್ಲಿ ಇದ್ದಷ್ಟೇ. ಗಿರಾಕಿಗಳಿಂದ ಬರಬೇಕಾದ ಹಣವನ್ನು ಪೂರ್ತಿ ಬರೆದು, ಅದರಲ್ಲಿ ಬರುವ ಭರವಸೆ ಇರುವುದೆಷ್ಟು ಎಂಬುದನ್ನು ಪಕ್ಕದಲ್ಲಿ ಹೇಳಬೇಕು. ಅಜ್ಜಿ ಕೊಟ್ಟದ್ದೆಂಬ ಪ್ರೀತಿಗೆ ಪಟ್ಟಿಯಲ್ಲಿ ಅಂಕಣವಿಲ್ಲ. ಪ್ರತಿಯೊಂದು ಬೆಲೆಯನ್ನೂ ಹೇಗೆ ತಿಳಿದುಕೊಂಡೆ ಎಂದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ನ್ಯಾಯಾಲಯದಲ್ಲಿ ಪ್ರಶ್ನೆ ಬಂದಾಗ ತಡವರಿಸಬೇಕಾಗಿಲ್ಲ.

ಇಲ್ಲಿ ಎರಡು ಆಸೆಗಳು ಮನುಷ್ಯನನ್ನು ಎಳೆಯುತ್ತವೆ. ಮೊದಲನೆಯದು ಕಡಿಮೆ ಬರೆಯುವ ಆಸೆ. ಬೆಲೆಯಿಲ್ಲದ ವಸ್ತುವೆಂದರೆ ಯಾರೂ ಕೇಳಲಾರರು, ಮನೆಯಲ್ಲಿಯೇ ಉಳಿದೀತು ಎಂಬ ಎಣಿಕೆ. ಎರಡನೆಯದು ಹೆಚ್ಚು ಬರೆಯುವ ಆಸೆ. ಇದಕ್ಕೂ ಕಾರಣವಿದೆ. 42ನೆಯ ಕಲಮಿನ ಪ್ರಕಾರ, ಸಾಲಗಾರನ ಸೊತ್ತು ಜಾಮೀನಿಲ್ಲದ ಸಾಲದ ರೂಪಾಯಿಗೆ ಎಂಟಾಣೆ, ಅಂದರೆ ಐವತ್ತು ಪೈಸೆಯಷ್ಟಾದರೂ ಇಲ್ಲದಿದ್ದರೆ ನ್ಯಾಯಾಲಯ ಪೂರ್ಣ ಬಿಡುಗಡೆಯನ್ನು ನಿರಾಕರಿಸಬೇಕು. ನಮ್ಮ ಅಂಗಡಿಯವನ ಸಾಲ 4 ಲಕ್ಷ. ಐವತ್ತು ಪೈಸೆಯ ಲೆಕ್ಕದಲ್ಲಿ 2 ಲಕ್ಷದ ಸೊತ್ತು ಬೇಕು. ಇರುವುದು 1,40,000 ಮಾತ್ರ ಎಂದಾದರೆ, ಅದನ್ನು 2 ಲಕ್ಷವೆಂದು ತೋರಿಸೋಣವೇ ಎಂದು ಮನಸ್ಸು ಹೇಳುತ್ತದೆ. ಆದರೆ ನ್ಯಾಯಾಲಯ ನೋಡುವುದು ಕಾಗದದ ಮೇಲಿನ ಅಂಕೆಯನ್ನಲ್ಲ, ಸೊತ್ತು ಮಾರಿದರೆ ಎಷ್ಟು ಬಂತು ಅಥವಾ ಬಂದೀತು ಎಂಬುದನ್ನು. ಅಲ್ಲದೆ ಅದೇ ಕಲಮು ಇನ್ನೊಂದು ಮಾತನ್ನೂ ಹೇಳುತ್ತದೆ. ಕೊರತೆಯು ಸಾಲಗಾರನನ್ನು ನ್ಯಾಯವಾಗಿ ಹೊಣೆಗಾರನೆನ್ನಲಾಗದ ಕಾರಣಗಳಿಂದ ಬಂದುದೆಂದು ಅವನು ಮನವರಿಕೆ ಮಾಡಿದರೆ, ಎಂಟಾಣೆಯ ನಿಯಮ ಅವನಿಗೆ ಅಡ್ಡಿಯಾಗುವುದಿಲ್ಲ. ನಮ್ಮ ಅಂಗಡಿಯವನ ಬಳಿ ಆಸ್ಪತ್ರೆಯ ಬಿಲ್ಲುಗಳಿವೆ. 1,40,000 ಎಂಬ ನಿಜವಾದ ಅಂಕೆಯೂ ಆ ಬಿಲ್ಲುಗಳೂ ಒಟ್ಟಿಗೆ ಅವನನ್ನು ಕಾಪಾಡಬಲ್ಲವು. ಉಬ್ಬಿಸಿದ ಅಂಕೆಯನ್ನು ಒಬ್ಬ ಸಾಲಕೊಟ್ಟವನು ಪ್ರಶ್ನಿಸಿದರೂ ಸಾಕು, ಬಿಲ್ಲುಗಳನ್ನೂ ನಂಬುವವರಿಲ್ಲ.

ಅದೇ 42ನೆಯ ಕಲಮಿನಲ್ಲಿ ಸೊತ್ತು ಅಡಗಿಸುವುದು, ಸಾಗಿಸುವುದು, ಲೆಕ್ಕಪುಸ್ತಕ ಇಡದಿರುವುದು, ಜೂಜು ಮತ್ತು ದುಂದುವೆಚ್ಚ ಇವೆಲ್ಲ ಪೂರ್ಣ ಬಿಡುಗಡೆಗೆ ಅಡ್ಡಿಗಳೆಂದು ಹೇಳಿದೆ. ಅರ್ಜಿಗೆ ಮುಂಚೆ ಎರಡು ವರ್ಷದೊಳಗೆ ಸರಿಯಾದ ಬೆಲೆ ಪಡೆಯದೆ ನೆಂಟರ ಹೆಸರಿಗೆ ಮಾಡಿದ ಆಸ್ತಿಯನ್ನು 53ನೆಯ ಕಲಮಿನ ಕೆಳಗೆ ಮರಳಿ ತರಬಹುದು. ಮೂರು ತಿಂಗಳೊಳಗೆ ಒಬ್ಬ ಸಾಲಕೊಟ್ಟವನಿಗೆ ಮಾತ್ರ ಪಕ್ಷಪಾತದಿಂದ ಕೊಟ್ಟದ್ದನ್ನು 54ನೆಯ ಕಲಮು ಪ್ರಶ್ನಿಸುತ್ತದೆ. ಮೋಸದಿಂದ ಸೊತ್ತು ಮುಚ್ಚಿಟ್ಟವನಿಗೆ 69ನೆಯ ಕಲಮು ಒಂದು ವರ್ಷದವರೆಗೆ ಸೆರೆವಾಸ ವಿಧಿಸುತ್ತದೆ.

ಇಷ್ಟು ಬಿಗಿ ಏಕೆ? ಮುಚ್ಚಿಟ್ಟ ವಸ್ತು ಯಾರ ಪಾಲಿನದು ಎಂದು ಯೋಚಿಸಿ. ಸಾಲ ಕೊಟ್ಟವರೆಂದರೆ ಯಾವಾಗಲೂ ದೊಡ್ಡ ಬ್ಯಾಂಕುಗಳಲ್ಲ. ಅಂಗಡಿಯಲ್ಲಿ ಎರಡು ತಿಂಗಳ ಸಂಬಳ ಸಿಗದ ಹುಡುಗ ಇದ್ದಾನೆ. ದಿನಾ ತೆಂಗಿನಕಾಯಿ ತಂದುಹಾಕಿದ ಕೃಷಿಕ ಇದ್ದಾನೆ. ಮಗಳ ಮದುವೆಗೆಂದು ಇಟ್ಟ ಹಣವನ್ನು ನಂಬಿ ಕೊಟ್ಟ ನೆರೆಯ ವಿಧವೆ ಇದ್ದಾಳೆ. 1906ರ ಅಕ್ಟೋಬರಿನಲ್ಲಿ ಮದರಾಸಿನ ಆರ್ಬತ್‌ನಾಟ್ ಕಂಪನಿ ದಿವಾಳಿ ಅರ್ಜಿ ಹಾಕಿದಾಗ, ಜೀವಮಾನದ ಉಳಿತಾಯವನ್ನು ಅಲ್ಲಿಟ್ಟಿದ್ದ ಸಾವಿರಾರು ಜನ ಕಂಗಾಲಾದರು. ಅದರ ಮುಖ್ಯ ಪಾಲುದಾರ ಸರ್ ಜಾರ್ಜ್ ಆರ್ಬತ್‌ನಾಟ್ 1907ರಲ್ಲಿ ಹದಿನೆಂಟು ತಿಂಗಳ ಕಠಿಣ ಸಜೆಗೆ ಗುರಿಯಾದ. ‘ಸರ್’ ಎಂಬ ಬಿರುದು ಅವನ ನೆರವಿಗೆ ಬರಲಿಲ್ಲ.

ನಮ್ಮ ಕಾಲದ ಉದಾಹರಣೆಯೂ ಇದೆ. ವಿಜಯ ಮಲ್ಯ ಅವರದು ಬಂಟ್ವಾಳ ಮೂಲದ ಕುಟುಂಬ. ಕಿಂಗ್‌ಫಿಷರ್ ವಿಮಾನ ಕಂಪನಿಯ ಸಾಲದ ವಿಷಯದಲ್ಲಿ ಬ್ಯಾಂಕುಗಳು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅವರ ಸೊತ್ತಿನ ಪೂರ್ಣ ವಿವರ ಕೇಳಿತ್ತು. ಡಿಯಾಜಿಯೋ ಕಂಪನಿಯಿಂದ ಬಂದ 4 ಕೋಟಿ ಡಾಲರು ಆ ವಿವರದಲ್ಲಿ ಇರಲಿಲ್ಲ. ಕರ್ನಾಟಕ ಹೈಕೋರ್ಟಿನ ನಿರ್ಬಂಧವಿದ್ದರೂ ಅದು ಮಕ್ಕಳಿಗೆ ವರ್ಗವಾಗಿತ್ತು. 2017ರ ಮೇ 9ರಂದು ನ್ಯಾಯಾಲಯ ಅವರನ್ನು ನ್ಯಾಯಾಂಗ ನಿಂದನೆಯ ತಪ್ಪಿತಸ್ಥರೆಂದಿತು. 2022ರ ಜುಲೈ 11ರಂದು ನಾಲ್ಕು ತಿಂಗಳ ಸೆರೆವಾಸ, 2,000 ರೂಪಾಯಿ ದಂಡ ವಿಧಿಸಿ, ಆ ಹಣವನ್ನು ಬಡ್ಡಿಸಹಿತ ಹಿಂತಿರುಗಿಸಲು ಆಜ್ಞಾಪಿಸಿತು. ಈ ನಡುವೆ 2021ರ ಜುಲೈ 26ರಂದು ಲಂಡನ್ನಿನ ಹೈಕೋರ್ಟು ಅವರನ್ನು ದಿವಾಳಿಯೆಂದು ಘೋಷಿಸಿತ್ತು. ಗಮನಿಸಿ, ಸುಪ್ರೀಂ ಕೋರ್ಟಿನ ಆ ಶಿಕ್ಷೆ ಸಾಲ ಮಾಡಿದ್ದಕ್ಕಲ್ಲ. ಕೇಳಿದ ವಿವರವನ್ನು ಪೂರ್ತಿ ಹೇಳದೆ, ನಿರ್ಬಂಧ ಮೀರಿ ಹಣ ಸಾಗಿಸಿದ್ದಕ್ಕೆ.

ಪ್ರಾಮಾಣಿಕನಿಗೆ ಕಾನೂನು ಹೀಗೆ ಕಠಿಣವಾಗಿಲ್ಲ. 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು, ಸಾಲ ತೀರಿಸಲು ಕೈಲಾಗದ ಬಡವನನ್ನು ಬಡತನದ ಕಾರಣಕ್ಕಾಗಿಯೇ ಸೆರೆಗೆ ಹಾಕುವುದು ಸಂವಿಧಾನದ 21ನೆಯ ವಿಧಿಗೆ ಒಪ್ಪುವುದಿಲ್ಲವೆಂದು ತೀರ್ಪಿತ್ತರು. ಹಣವಿದ್ದೂ ಕೊಡದ ದುರುದ್ದೇಶ ತೋರಿದರೆ ಮಾತ್ರ ಸೆರೆಯ ಪ್ರಶ್ನೆ. ದಿವಾಳಿ ಕಾಯಿದೆಯಲ್ಲಿಯೂ ಸಾಲಗಾರನಿಗೆ ಬಂಧನದಿಂದ ರಕ್ಷಣೆ ಕೊಡುವ ಆದೇಶಕ್ಕೆ ಅವಕಾಶವಿದೆ. ಕೊನೆಗೆ ಬಿಡುಗಡೆಯ ಆದೇಶ ಸಿಕ್ಕಿದರೆ, ಸರ್ಕಾರದ ಬಾಕಿ, ಮೋಸದಿಂದ ಮಾಡಿದ ಸಾಲ, ಜೀವನಾಂಶದಂತಹ ಕೆಲವನ್ನು ಬಿಟ್ಟು ಹಳೆಯ ಸಾಲದ ಹೊರೆ ಇಳಿಯುತ್ತದೆ. ಅವನು ಪುನಃ ಅಂಗಡಿ ಇಡಬಹುದು. ಆದರೆ ಆ ಬಿಡುಗಡೆಗೆ ಹೋಗುವ ದಾರಿ ಸೊತ್ತಿನ ಪಟ್ಟಿಯ ಮೂಲಕವೇ ಹಾದುಹೋಗುತ್ತದೆ.

ವಿದ್ಯಾರ್ಥಿಗಳಾದ ನಿಮಗೆ ಇದರಿಂದ ಏನಾಗಬೇಕು ಎಂದು ಕೇಳಬೇಡಿ. ಇಂತಹ ಮನೆಗಳಲ್ಲಿ ಸಂಜೆಯ ಹೊತ್ತಿಗೆ ಮಕ್ಕಳನ್ನು ಕರೆದು, “ಮಗಾ, ಈ ಪೆಟ್ಟಿಗೆಯನ್ನು ಮಾವನ ಮನೆಯಲ್ಲಿ ಇಟ್ಟು ಬಾ, ಯಾರಿಗೂ ಹೇಳಬೇಡ” ಎನ್ನುವುದುಂಟು. ಮಾವನೂ ಪ್ರೀತಿಯಿಂದಲೇ ಅದನ್ನು ಅಟ್ಟಕ್ಕೆ ಏರಿಸುತ್ತಾನೆ. ಅಡಗಿಸಲು ನೆರವಾದವನನ್ನೂ ಕಾನೂನು ಬಿಡುವುದಿಲ್ಲ. 2023ರ ಭಾರತೀಯ ನ್ಯಾಯ ಸಂಹಿತೆಯ 323ನೆಯ ಕಲಮು ಇದನ್ನು ಅಪರಾಧವೆನ್ನುತ್ತದೆ. ಒಂದು ಪೆಟ್ಟಿಗೆಯಿಂದ ಅಪ್ಪನ ಅರ್ಜಿಯೂ ಕೆಟ್ಟೀತು, ಮಾವನೂ ಕೋರ್ಟು ಹತ್ತಬೇಕಾದೀತು. ಹಿರಿಯರಿಗೆ ಎದುರಾಡುವುದು ಕಷ್ಟ, ನಿಜ. ಆದರೆ, “ಅಪ್ಪ, ಇದನ್ನು ಪಟ್ಟಿಯಲ್ಲಿ ಬರೆಯುವ, ಇದಕ್ಕೆ ವಿನಾಯಿತಿ ಉಂಟಾ ಎಂದು ವಕೀಲರನ್ನೇ ಕೇಳುವ” ಎಂದು ಹೇಳುವುದು ಎದುರಾಡಿದಂತೆ ಅಲ್ಲ. ವಕೀಲರ ಶುಲ್ಕಕ್ಕೆ ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. 1987ರ ಕಾಯಿದೆಯಂತೆ ಅರ್ಹರಾದವರಿಗೆ ಅಲ್ಲಿ ಉಚಿತ ನೆರವು ದೊರೆಯುತ್ತದೆ.

ಒಂದು ಅಭ್ಯಾಸ ಮಾಡಿ ನೋಡಿ. ಈ ಭಾನುವಾರ ನಿಮ್ಮ ಮನೆಯ ಒಂದು ಕೋಣೆಯನ್ನು ಆರಿಸಿ ಒಂದು ಹಾಳೆಯಲ್ಲಿ ನಾಲ್ಕು ಅಂಕಣ ಎಳೆಯಿರಿ: ವಸ್ತು, ಅದು ಯಾರದು, ಎಲ್ಲಿದೆ, ಇಂದು ಮಾರಿದರೆ ಎಷ್ಟು. ಬರೆದಾದ ಮೇಲೆ ತಂದೆತಾಯಿಯರಿಗೆ ತೋರಿಸಿ. ಬೆಲೆಯ ಅಂಕಣದಲ್ಲಿ ನಿಮಗೂ ಅವರಿಗೂ ಎಷ್ಟು ಕಡೆ ಅಭಿಪ್ರಾಯಭೇದ ಬರುತ್ತದೆ, ಯಾವ ಕಡೆಗೆ ಬರುತ್ತದೆ ಎಂದು ಗಮನಿಸಿ. ನಿಮ್ಮ ಶಾಲೆಯ ಅಥವಾ ಕಾಲೇಜಿನ ವಾಣಿಜ್ಯ ಅಧ್ಯಾಪಕರೊಡನೆ ಅದನ್ನು ಚರ್ಚಿಸಬಹುದು.